ಒಂಟಿ ಸಂಕಲ್ಪ, ಕೂಡಿ ಮಾಡಿದ ಒಡಂಬಡಿಕೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ರೇಡಿಯೋದವರ ಬಾಯಲ್ಲಿ ಒಂದೇ ಪ್ರಶ್ನೆ: "ಈ ಸಲ ನಿಮ್ಮ ಸಂಕಲ್ಪ ಏನು?" ಬೆಳಿಗ್ಗೆ ಬೇಗ ಏಳುವುದು, ಸಿಗರೇಟು ಬಿಡುವುದು, ಮನೆಯವರ ಮೇಲೆ ರೇಗದಿರುವುದು, ಊರಿಗೆ ವಾರಕ್ಕೊಮ್ಮೆ ಫೋನ್ ಮಾಡುವುದು... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ಗಾದೆಯೇ ಇದೆಯಲ್ಲ! ಸಂಕ್ರಾಂತಿಗೆ ಎಳ್ಳು ಬೀರುವಷ್ಟರಲ್ಲಿ ಸಂಕಲ್ಪಕ್ಕೆ ಎಳ್ಳುನೀರು ಬಿಟ್ಟಾಗಿರುತ್ತದೆ.

ಈ ಆರಂಭಶೂರತನ ಇಂದಿನದಲ್ಲ. ಹೊಸ ವರ್ಷದ ದಿನ ನಿಂತು ತನ್ನ ಬದುಕನ್ನು ತಾನೇ ನೋಡಿಕೊಳ್ಳುವ ಅಭ್ಯಾಸಕ್ಕೆ ಕ್ರೈಸ್ತ ಲೋಕದಲ್ಲಿ ಒಂದು ಉದ್ದನೆಯ ಇತಿಹಾಸವಿದೆ. ಒಬ್ಬನೇ ಕೂತು ಪಟ್ಟಿ ಬರೆದುಕೊಂಡವರು ಅದರಲ್ಲಿದ್ದಾರೆ. ಪಟ್ಟಿ ಸೋತಾಗ ಹತ್ತು ಜನರ ನಡುವೆ ಎದ್ದು ನಿಂತವರೂ ಇದ್ದಾರೆ. ಈ ಸಲ ಅವರ ಕಥೆ ಹೇಳುತ್ತೇನೆ.

ಮೊದಲು ಒಂದು ತಮಾಷೆಯ ಸಂಗತಿ. ಜನವರಿ 1 ಕ್ರೈಸ್ತರು ಹುಟ್ಟಿಸಿದ ಹಬ್ಬವೇ ಅಲ್ಲ. ಅದು ರೋಮನ್ನರದ್ದು. ಹಿಂದಕ್ಕೊಂದು, ಮುಂದಕ್ಕೊಂದು ಮುಖವಿದ್ದ ಜೇನಸ್ ಎಂಬ ದೇವತೆಯ ಹೆಸರಿನ ತಿಂಗಳು ಅದು. ಆ ದಿನ ರೋಮಿನಲ್ಲಿ ಕುಡಿತ, ಜೂಜು, ಉಡುಗೊರೆಗಳ ವಿನಿಮಯ ಎಲ್ಲವೂ ಜೋರು. ಚರ್ಚಿನ ಹಿರಿಯರಿಗೆ ಇದು ಕಣ್ಣಿಗೆ ಬಿದ್ದ ಕಸವಾಗಿತ್ತು. ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನರು ಒಂದು ಜನವರಿ 1ರಂದು ಕೊಟ್ಟ ಬಹು ದೀರ್ಘವಾದ ಪ್ರವಚನವೊಂದು ಜರ್ಮನಿಯ ಮೈಂಜ್ ನಗರದ ಹಳೆಯ ಹಸ್ತಪ್ರತಿಯೊಂದರಲ್ಲಿ 1990ರಲ್ಲಿ ಸಿಕ್ಕಿತು. ವಿದ್ವಾಂಸರು ಅದನ್ನು ಕ್ರಿ.ಶ. 404ರದು ಎನ್ನುತ್ತಾರೆ. ಹೊರಗೆ ಬೀದಿಯಲ್ಲಿ ಗದ್ದಲ ನಡೆದಿರುವಾಗ ಒಳಗಿನವರನ್ನು ಹಿಡಿದು ಕೂರಿಸಿಕೊಳ್ಳಲೆಂದೇ ಅಷ್ಟು ಹೊತ್ತು ಮಾತಾಡಿದರೇನೋ! ಅವರ ಉಪದೇಶದ ಸಾರ ಸರಳ. ಜನ ಉಡುಗೊರೆ ಕೊಡುವ ಹೊತ್ತಿಗೆ ನೀವು ಬಡವರಿಗೆ ದಾನ ಕೊಡಿ, ಜನ ಕುಡಿಯುವ ಹೊತ್ತಿಗೆ ನೀವು ಉಪವಾಸವಿರಿ. ಮುಂದೆ 567ರಲ್ಲಿ ಫ್ರಾನ್ಸಿನ ಟೂರ್ ನಗರದಲ್ಲಿ ಸೇರಿದ ಧರ್ಮಸಭೆಯೂ ವರ್ಷಾರಂಭದ ಆ ದಿನಗಳಲ್ಲಿ ಉಪವಾಸ, ಪ್ರಾರ್ಥನೆ ಆಗಬೇಕೆಂದು ವಿಧಿಸಿತು.

ಇಂಗ್ಲೆಂಡಿನಲ್ಲಂತೂ 1752ರವರೆಗೆ ಕಾನೂನಿನ ಪ್ರಕಾರ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಹೆಚ್ಚೂ ಕಡಿಮೆ ನಮ್ಮ ಯುಗಾದಿಯ ಕಾಲ! ಅದಕ್ಕೇ ಹಳೆಯ ಡೈರಿಗಳಲ್ಲಿ ಜನವರಿಯ ತಾರೀಖಿನ ಮುಂದೆ ಎರಡೆರಡು ವರ್ಷ ಬರೆದಿರುತ್ತಾರೆ.

ಅಂಥ ಒಂದು ಡೈರಿಯಿಂದಲೇ ನಮ್ಮ ಕಥೆ ಶುರು. ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಹುಟ್ಟಿದ್ದು 1703ರಲ್ಲಿ. ಮುಂದೆ ಆ ದೇಶದ ಬಹು ದೊಡ್ಡ ದೈವಶಾಸ್ತ್ರಜ್ಞ ಎನಿಸಿಕೊಂಡವರು. 1722ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ವಯಸ್ಸಿನಲ್ಲಿ, ನ್ಯೂಯಾರ್ಕಿನ ಒಂದು ಸಣ್ಣ ಸಭೆಗೆ ಪ್ರವಚನ ಮಾಡಲು ಹೋದರು. ಆ ದಿನಗಳಲ್ಲಿ ಸಂಕಲ್ಪಗಳ ಪಟ್ಟಿಯೊಂದನ್ನು ಬರೆಯತೊಡಗಿದರು. ಮರುವರ್ಷದ ಆಗಸ್ಟ್ ಹೊತ್ತಿಗೆ ಅದು 70ಕ್ಕೆ ಮುಟ್ಟಿತ್ತು. ಒಂದು ಕ್ಷಣವನ್ನೂ ಹಾಳು ಮಾಡದಿರುವುದು, ಊಟದಲ್ಲಿ ಮಿತಿ, ಇನ್ನೊಬ್ಬರ ಬಗ್ಗೆ ಕೆಟ್ಟ ಮಾತಾಡದಿರುವುದು, ದಿನಾ ರಾತ್ರಿ ಮಲಗುವ ಮುನ್ನ ಎಲ್ಲಿ ತಪ್ಪಿದೆ ಎಂದು ತನ್ನನ್ನೇ ಕೇಳಿಕೊಳ್ಳುವುದು ಎಲ್ಲವೂ ಅದರಲ್ಲಿದ್ದವು. ವಾರಕ್ಕೊಮ್ಮೆ ಇಡೀ ಪಟ್ಟಿಯನ್ನು ಓದಿಕೊಳ್ಳಬೇಕೆಂದು ಮೇಲ್ಗಡೆ ತಮಗೆ ತಾವೇ ಸೂಚನೆ ಬೇರೆ ಬರೆದುಕೊಂಡಿದ್ದರು. ಇವತ್ತಿನ ವ್ಯಕ್ತಿತ್ವ ವಿಕಸನದ ಪುಸ್ತಕ ಬರೆಯುವವರೆಲ್ಲ ಈ ಹುಡುಗನ ಮುಂದೆ ನಾಚಬೇಕು.

ಆದರೆ ಡೈರಿ ಏನು ಹೇಳುತ್ತದೆ? 1723ರ ಜನವರಿ 2. ಹೊಸ ಲೆಕ್ಕದಲ್ಲಿ ವರ್ಷದ ಎರಡನೆಯ ದಿನ. ಅಂದು ಆತ ಬರೆದುಕೊಂಡಿದ್ದು ಮನಸ್ಸು ಮಂಕಾಗಿದೆ ಎಂದು. ಎಷ್ಟೇ ಸಂಕಲ್ಪ ಮಾಡಿದರೂ, ಏನೇ ಉಪಾಯ ಹೂಡಿದರೂ ದೇವರಾತ್ಮದ ಪ್ರೇರಣೆ ಇಲ್ಲದೆ ಎಲ್ಲ ವ್ಯರ್ಥ ಎಂಬುದು ಆ ದಿನದ ಟಿಪ್ಪಣಿಯ ತಾತ್ಪರ್ಯ. ಎಪ್ಪತ್ತು ಸಂಕಲ್ಪ ಮಾಡಬಲ್ಲ ಮನುಷ್ಯನೇ ಹೀಗೆಂದ ಮೇಲೆ ನಮ್ಮ ನಿಮ್ಮ ಪಾಡೇನು?

ಅದೇ 1703ರಲ್ಲಿ ಅಟ್ಲಾಂಟಿಕ್ ಸಾಗರದ ಈಚೆ ದಡದಲ್ಲಿ ಇನ್ನೊಬ್ಬರು ಹುಟ್ಟಿದರು. ಅವರೇ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ. ಇವರೂ ಪಟ್ಟಿಯ ಮನುಷ್ಯರೇ. 1725ರಿಂದ ಡೈರಿ ಇಟ್ಟರು. ಆಕ್ಸ್‌ಫರ್ಡಿನಲ್ಲಿ ಓದುವಾಗ, ಓದಿಸುವಾಗ ಗಂಟೆಗಂಟೆಗೂ ಏನು ಮಾಡಿದೆ, ಮನಸ್ಸು ಹೇಗಿತ್ತು ಎಂದು ಗುರುತು ಹಾಕಿಕೊಳ್ಳುವ ಮಟ್ಟಕ್ಕೆ ಹೋದರು. ಕ್ರಮ ಬಿಡದ ಈ ಗುಂಪನ್ನು ಗೇಲಿ ಮಾಡಲೆಂದೇ ಸಹಪಾಠಿಗಳು ‘ಮೆಥೊಡಿಸ್ಟರು’ ಎಂದು ಹೆಸರಿಟ್ಟರು. ಗೇಲಿಯ ಹೆಸರೇ ಗಟ್ಟಿಯಾಗಿ ನಿಂತಿತು.

1735ರಲ್ಲಿ ವೆಸ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. 1736ರ ಜನವರಿಯಲ್ಲಿ, ನಡುಗಡಲಲ್ಲಿ ಭಾರೀ ಬಿರುಗಾಳಿ. ಇಂಗ್ಲಿಷರು ಚೀರಾಡುತ್ತಿದ್ದರೆ ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ನರು, ಹೆಂಗಸರು ಮಕ್ಕಳಾದಿಯಾಗಿ, ಹಾಡುವುದನ್ನು ನಿಲ್ಲಿಸಲೇ ಇಲ್ಲ. ಗಂಟೆಗಂಟೆಯ ಲೆಕ್ಕ ಇಟ್ಟ ತನಗೆ ಸಾವಿನ ಭಯ, ಇವರಿಗೆ ಯಾಕಿಲ್ಲ? ಈ ಪ್ರಶ್ನೆ ವೆಸ್ಲಿಯನ್ನು ಬಿಡಲಿಲ್ಲ. ಜಾರ್ಜಿಯಾದ ಕೆಲಸವೂ ಕೈಗೂಡದೆ, ಸೋತ ಮನಸ್ಸಿನಿಂದ 1738ರಲ್ಲಿ ಇಂಗ್ಲೆಂಡಿಗೆ ವಾಪಸಾದರು. ಅದೇ ವರ್ಷ ಮೊರೇವಿಯನ್ನರ ಊರಾದ ಹೆರ್ನ್‌ಹೂಟ್‌ಗೆ ಹೋಗಿ ಕಣ್ಣಾರೆ ನೋಡಿ ಬಂದರು.

ಹೆರ್ನ್‌ಹೂಟ್ ಎಂದರೆ ಸ್ಯಾಕ್ಸನಿಯಲ್ಲಿ, ಜಿನ್‌ಝೆಂಡೋರ್ಫ್ ಎಂಬ ಶ್ರೀಮಂತನ ಜಮೀನಿನಲ್ಲಿ, ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದ ನಿರಾಶ್ರಿತರು ಕಟ್ಟಿಕೊಂಡ ಹಳ್ಳಿ. ಅಲ್ಲಿ 1728ರ ಮೇ 3ರಂದು ಮಾರನೆಯ ದಿನಕ್ಕೆಂದು ಒಂದು ವಚನವನ್ನು ಹೇಳಿ ಕಳಿಸಿದರು. ಅದು ದಿನದ ವಾಡಿಕೆಯಾಯಿತು. ಒಬ್ಬರು ಮನೆಮನೆಗೆ ಹೋಗಿ ಆ ದಿನದ ಮಾತನ್ನು ಹೇಳಿ ಬರುವುದು, ಮನೆಯವರ ಯೋಗಕ್ಷೇಮ ಕೇಳಿ ಬರುವುದು. ಇಡೀ ವರ್ಷದ ವಚನಗಳು 1731ರಿಂದ ಪುಸ್ತಕವಾಗಿ ಬರತೊಡಗಿದವು. ಇಂದಿಗೂ ಪ್ರತಿ ವರ್ಷ ಚೀಟಿ ಎತ್ತಿ ಆರಿಸಿ, ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಅಚ್ಚಾಗುತ್ತದೆ. ನಮ್ಮ ಕಡೆಯ ಚರ್ಚುಗಳಲ್ಲಿ ಹೊಸ ವರ್ಷದ ದಿನ ‘ವಾಗ್ದಾನದ ಕಾರ್ಡು’ ಎತ್ತುವುದನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ವರ್ಷದ ಕೊನೆಯ ರಾತ್ರಿ ನಿದ್ದೆಗೆಟ್ಟು ಪ್ರಾರ್ಥಿಸುವ ಪದ್ಧತಿಯೂ 1733ರಿಂದ ಹೆರ್ನ್‌ಹೂಟ್‌ನಲ್ಲಿ ಕಾಣುತ್ತದೆ. ಶಿವರಾತ್ರಿಯ ಜಾಗರಣೆ ಗೊತ್ತಿರುವ ನಮಗೆ ವಿವರಣೆ ಬೇಕಿಲ್ಲ.

1739ರ ಜನವರಿ 1ರ ಬೆಳಗಿನ ಜಾವ ಲಂಡನ್ನಿನ ಫೆಟರ್ ಲೇನ್‌ನಲ್ಲಿ ಮೊರೇವಿಯನ್ನರ ಜೊತೆ ಸುಮಾರು 60 ಮಂದಿ ಸೇರಿದ್ದರು. ವೆಸ್ಲಿ ಸೋದರರೂ ಇದ್ದರು. ಮೂರು ಗಂಟೆಯ ಹೊತ್ತಿಗೆ ಪ್ರಾರ್ಥನೆಯ ನಡುವೆ ಎಲ್ಲರಿಗೂ ಒಂದೇ ಸಲ ದೇವರ ಸಾನ್ನಿಧ್ಯದ ಅನುಭವವಾಯಿತೆಂದು ವೆಸ್ಲಿ ದಾಖಲಿಸಿದ್ದಾರೆ. ಪಟ್ಟಿ ಬರೆದುಕೊಂಡ ಆ ಹಿಂದಿನ ವರ್ಷಗಳಲ್ಲಿ ಸಿಗದಿದ್ದದ್ದು ಗುಂಪಿನ ನಡುವೆ ಸಿಕ್ಕಿತ್ತು.

ಆಮೇಲಿನದು ನನಗೆ ತುಂಬ ಇಷ್ಟವಾದ ಭಾಗ. ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್ ಕಲ್ಲಿದ್ದಲು ಗಣಿಗಳ ಊರು. ಅಲ್ಲಿನ ಗಣಿ ಕೆಲಸಗಾರರು ಶನಿವಾರ ರಾತ್ರಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು. ವೆಸ್ಲಿಯ ಮಾತು ಕೇಳಿದ ಮೇಲೆ ಅದೇ ರಾತ್ರಿಗಳನ್ನು ಹಾಡು, ಪ್ರಾರ್ಥನೆಗಳಲ್ಲಿ ಕಳೆಯತೊಡಗಿದರು. ಗಮನಿಸಿ, ಇದನ್ನು ಶುರುಮಾಡಿದ್ದು ವೆಸ್ಲಿ ಅಲ್ಲ, ಆ ಗಣಿ ಕೆಲಸಗಾರರು. ಇದೆಲ್ಲ ಅತಿಯಾಯಿತು, ನಿಲ್ಲಿಸಿ ಎಂದು ಕೆಲವರು ವೆಸ್ಲಿಗೆ ಹೇಳಿದರು. ಅವರು ನಿಲ್ಲಿಸಲಿಲ್ಲ. ಆದಿಕಾಲದ ಕ್ರೈಸ್ತರೂ ಜಾಗರಣೆ ಮಾಡುತ್ತಿದ್ದರಲ್ಲ ಎಂದು ಯೋಚಿಸಿ, ಹುಣ್ಣಿಮೆಗೆ ಹತ್ತಿರದ ಶುಕ್ರವಾರ ರಾತ್ರಿ ತಾವೂ ಬರುವುದಾಗಿ ಸಾರಿದರು. ಹುಣ್ಣಿಮೆ ಯಾಕೆ? ಅದರಲ್ಲಿ ಶಾಸ್ತ್ರವಿಲ್ಲ, ಪಂಚಾಂಗವಿಲ್ಲ. ನಡುರಾತ್ರಿ ದಾಟಿ ಮನೆಗೆ ನಡೆದು ಹೋಗುವವರಿಗೆ ದಾರಿಯಲ್ಲಿ ಬೆಳಕಿರಲಿ ಅಂತ! 1742ರ ಏಪ್ರಿಲ್ 9ರಂದು ಲಂಡನ್ನಿನಲ್ಲೂ ಈ ‘ವಾಚ್ ನೈಟ್’ ನಡೆಯಿತು. ಕಾಲ ಕಳೆದಂತೆ ಬೇರೆ ರಾತ್ರಿಗಳು ಬಿಟ್ಟುಹೋಗಿ ಡಿಸೆಂಬರ್ 31 ಮಾತ್ರ ಉಳಿಯಿತು. ಇಂದು ಮುಂಬೈಯಿಂದ ಚೆನ್ನೈವರೆಗೆ ಆ ರಾತ್ರಿ ಹನ್ನೊಂದಕ್ಕೆ ಚರ್ಚಿನ ಮುಂದೆ ಆಟೋ, ಬೈಕುಗಳು ಸಾಲುಗಟ್ಟುವುದಕ್ಕೆ ಹಿಂದೆ ಮಸಿ ಮೈಯ ಆ ಗಣಿ ಕಾರ್ಮಿಕರೂ ಇದ್ದಾರೆ.

1742ರಲ್ಲೇ ಇನ್ನೊಂದು ನಡೆಯಿತು. ಬ್ರಿಸ್ಟಲ್‌ನಲ್ಲಿ ಕಟ್ಟಿದ ಸಭಾಮಂದಿರದ ಮೇಲೆ ಸಾಲವಿತ್ತು. ತೀರಿಸುವುದು ಹೇಗೆ? ವಾರಕ್ಕೊಂದು ಪೆನ್ನಿ ಎತ್ತೋಣವೆಂದು ಒಬ್ಬರು ಹೇಳಿದರು. ತುಂಬ ಜನ ಬಡವರಿದ್ದಾರೆ, ಅದೂ ಆಗದು ಎಂಬ ಮಾತು ಬಂತು. ಆಗ ಫಾಯ್ ಎಂಬ ನಾವಿಕ ಎದ್ದು, ಹನ್ನೊಂದು ಮಂದಿ ಕಡುಬಡವರನ್ನು ನನ್ನ ಪಾಲಿಗೆ ಕೊಡಿ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ನಾನೇ ತುಂಬುತ್ತೇನೆ ಎಂಬರ್ಥದ ಮಾತಾಡಿದರು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ದುಡ್ಡಿಗೆಂದು ಮನೆಮನೆಗೆ ಹೋದವರ ಕಣ್ಣಿಗೆ ಬೇರೆಯದೂ ಬಿತ್ತು. ಒಬ್ಬ ಮತ್ತೆ ಕುಡಿಯುತ್ತಿದ್ದಾನೆ, ಇನ್ನೊಂದು ಮನೆಯಲ್ಲಿ ಗಂಡ ಹೆಂಡಿರಿಗೆ ಮಾತಿಲ್ಲ. ಚೀಟಿ ದುಡ್ಡಿಗೆ ಬರುವವರಿಗೆ ಇಡೀ ಬೀದಿಯ ಸುದ್ದಿ ಗೊತ್ತಿರುವುದಿಲ್ಲವೇ, ಹಾಗೆ. ವಸೂಲಿಗೆಂದು ಮಾಡಿದ ಗುಂಪುಗಳು ಒಬ್ಬರನ್ನೊಬ್ಬರು ‘ಹೇಗಿದ್ದೀಯ’ ಎಂದು ನಿಜವಾಗಿ ಕೇಳುವ ಗುಂಪುಗಳಾದವು. ಮೆಥೊಡಿಸ್ಟರ ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ.

ಇವೆಲ್ಲ ಕೂಡಿಬಂದದ್ದು 1755ರ ಆಗಸ್ಟ್ 11ರಂದು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿದ್ದ ಫ್ರೆಂಚ್ ನಿರಾಶ್ರಿತರ ಚರ್ಚಿನಲ್ಲಿ ವೆಸ್ಲಿ ಒಂದು ಸಾಲು ಮಾತುಗಳನ್ನು ಓದಿದರು. ಒಪ್ಪುವವರು ಎದ್ದು ನಿಲ್ಲಬೇಕಿತ್ತು. ಸುಮಾರು 1800 ಜನ ಎದ್ದು ನಿಂತರು. ಮುಂದಿನ ವರ್ಷಗಳಲ್ಲಿ ಈ ಆರಾಧನೆ ಹೊಸ ವರ್ಷದ ಆಸುಪಾಸಿಗೆ, ಹೆಚ್ಚಾಗಿ ಮೊದಲ ಭಾನುವಾರಕ್ಕೆ ಬಂದು ನೆಲೆಸಿತು. 1780ರಲ್ಲಿ ವೆಸ್ಲಿ ಅದರ ಪಾಠವನ್ನು ಅಚ್ಚು ಹಾಕಿಸಿದರು. ಬಹಳ ಕಾಲದ ನಂತರ ಅದನ್ನು ಪರಿಷ್ಕರಿಸಿ, ಜನರೂ ದನಿಗೂಡಿಸುವಂತೆ ಮಾಡಿದ ರೂಪ ಇಂಗ್ಲೆಂಡಿನ ಮೆಥೊಡಿಸ್ಟರ 1936ರ ಆರಾಧನಾ ಪುಸ್ತಕದಲ್ಲಿ ಬಂತು.

ಆ ಪಾಠದ ಹುರುಳೇನು? ಅಲ್ಲೇ ಇರುವುದು ವಿಶೇಷ. ನಮ್ಮ ಸಂಕಲ್ಪಗಳೆಲ್ಲ ‘ನಾನು ಮಾಡುತ್ತೇನೆ, ನಾನು ಬೆಳೆಯುತ್ತೇನೆ’ ಎಂಬ ಜಾತಿಯವು. ಈ ಪಾಠದಲ್ಲಿ ಮನುಷ್ಯ ದೇವರಿಗೆ ಹೇಳುವುದು ಬೇರೆ. ದೊಡ್ಡ ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ. ಚಿನ್ನದ ಪಾತ್ರೆಯಾದರೂ ಆದೀತು, ಮರದ ಬೋಗುಣಿಯಾದರೂ ಆದೀತು. ಪ್ರಮೋಷನ್ ಸಿಕ್ಕಿದ ವರ್ಷ ಇದನ್ನು ಹೇಳುವುದು ಸುಲಭ. ಕಂಪನಿಯವರು ಕರೆದು ನಾಳೆಯಿಂದ ಬರಬೇಡಿ ಎಂದ ವರ್ಷ ಹೇಳಿನೋಡಬೇಕು! ಇದು ಉಂಡು ತೇಗಿದವರು ಬರೆದ ಮಾತಲ್ಲ. ವೆಸ್ಲಿ ಇದನ್ನು ಎತ್ತಿಕೊಂಡಿದ್ದು ರಿಚರ್ಡ್ ಆಲೀನ್ ಎಂಬ ಪಾದ್ರಿಯ 1663ರ ಪುಸ್ತಕದಿಂದ. ಅದರ ಹಿಂದಿನ ವರ್ಷವಷ್ಟೇ, ಸರ್ಕಾರ ವಿಧಿಸಿದ ಪ್ರಾರ್ಥನಾ ಪುಸ್ತಕವನ್ನು ಒಪ್ಪದ ಸುಮಾರು 2000 ಪಾದ್ರಿಗಳು ಕೆಲಸ, ಮನೆ ಎರಡನ್ನೂ ಕಳೆದುಕೊಂಡಿದ್ದರು. ಆಲೀನ್ ಅವರಲ್ಲೊಬ್ಬರು. ಪಕ್ಕಕ್ಕೆ ಇಡಿಸಿಕೊಂಡವರಿಗೆ ಗೊತ್ತಿದ್ದ ಮಾತು ಅದು.

ಇನ್ನು ಕಹಿ ಭಾಗ. ಬೇವಿಲ್ಲದೆ ಬೆಲ್ಲ ಹಂಚಿದರೆ ನಮ್ಮ ಲೆಕ್ಕದಲ್ಲಿ ಹೊಸ ವರ್ಷವೇ ಅಲ್ಲ. ಎಪ್ಪತ್ತು ಸಂಕಲ್ಪಗಳ ಎಡ್ವರ್ಡ್ಸ್ 1731ರಲ್ಲಿ ನ್ಯೂಪೋರ್ಟ್ ಬಂದರಿನಲ್ಲಿ 14 ವರ್ಷದ ಒಬ್ಬ ಆಫ್ರಿಕನ್ ಹುಡುಗಿಯನ್ನು 80 ಪೌಂಡ್ ಕೊಟ್ಟು ಕೊಂಡರು. ಅವಳ ಹೆಸರು ವೀನಸ್ ಎಂದು ಕ್ರಯಪತ್ರದಲ್ಲಿದೆ. ದಿನಾ ರಾತ್ರಿ ತನ್ನ ತಪ್ಪುಗಳನ್ನು ಹುಡುಕುತ್ತಿದ್ದ ಮನುಷ್ಯನಿಗೆ ಮನೆಯೊಳಗಿದ್ದ ಇದು ಕಾಣಲಿಲ್ಲ. ಪಟ್ಟಿ ಬರೆಯುವ ಕೈ ತನಗೆ ಗೊತ್ತಿರುವ ತಪ್ಪನ್ನಷ್ಟೇ ಬರೆಯುತ್ತದೆ. ಗೊತ್ತಿಲ್ಲದ ತಪ್ಪನ್ನು ಬೇರೆಯವರೇ ತೋರಿಸಬೇಕು. ಅದಕ್ಕೆ ಆ ಮನೆಯಲ್ಲಿ ಒಂದು ತಲೆಮಾರು ಬೇಕಾಯಿತು. ಅವರ ಮಗ, ಅದೇ ಹೆಸರಿನ ಕಿರಿಯ ಎಡ್ವರ್ಡ್ಸ್, 1791ರಲ್ಲಿ ಗುಲಾಮರ ವ್ಯಾಪಾರ ಅನ್ಯಾಯವೆಂದು ಪ್ರವಚನ ಮಾಡಿದರು.

ವೆಸ್ಲಿಗೂ ಕಣ್ಣು ತೆರೆಯಲು ಸಮಯ ಹಿಡಿಯಿತು. ಅಮೆರಿಕದಲ್ಲಿದ್ದಾಗಲೇ ಗುಲಾಮರನ್ನು ಕಂಡಿದ್ದರೂ ಅದರ ವಿರುದ್ಧ ಪುಸ್ತಕ ಬರೆದದ್ದು 1774ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ಆಂಥೊನಿ ಬೆನೆಜೆಟ್ ಎಂಬ ಕ್ವೇಕರ್ ಬರೆದ ಪುಸ್ತಕ ಅವರ ಕೈಗೆ ಬಂದಿತ್ತು. 1791ರ ಫೆಬ್ರವರಿ 24ರಂದು, 87ರ ವಯಸ್ಸಿನಲ್ಲಿ, ಅವರು ಬರೆದ ಕೊನೆಯ ಪತ್ರ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಪಾರ್ಲಿಮೆಂಟ್ ಸದಸ್ಯ ವಿಲ್ಬರ್‌ಫೋರ್ಸ್‌ರಿಗೆ. ಅಂದು ಬೆಳಿಗ್ಗೆ ಓದಿದ್ದ ಒಬ್ಬ ಆಫ್ರಿಕನ್ನನ ಬರಹವನ್ನು ಅದರಲ್ಲಿ ನೆನೆದಿದ್ದಾರೆ. ಗುಲಾಮನಾಗಿದ್ದು ಬಿಡುಗಡೆ ಪಡೆದ ಒಲೌಡಾ ಎಕ್ವಿಯಾನೋ ಆತ. ಸಾಯಲು ಆರು ದಿನವಿರುವಾಗಲೂ ಬೆಳಿಗ್ಗೆ ಓದಿದ್ದು ಸಂಜೆಯವರೆಗೆ ಕಾಡುವುದಿದೆಯಲ್ಲ, ವ್ಯಕ್ತಿತ್ವ ವಿಕಸನ ಎಂಬ ಸವೆದ ಮಾತಿಗೆ ನನಗೆ ಹೊಳೆಯುವ ಒಳ್ಳೆಯ ಉದಾಹರಣೆ ಅದು.

ಅಮೆರಿಕದ ಗುಲಾಮರಿಗೆ ಜನವರಿ 1 ಎಂದರೆ ಎದೆ ಒಡೆಯುವ ದಿನ. ಒಡೆಯರು ವರ್ಷದ ಲೆಕ್ಕ ಚುಕ್ತಾ ಮಾಡಿ ಆಳುಗಳನ್ನು ಬಾಡಿಗೆಗೆ ಕೊಡುವುದು, ಮಾರುವುದು ಅಂದೇ. ಹಿಂದಿನ ರಾತ್ರಿ ತಾಯಂದಿರು ಮಕ್ಕಳನ್ನು ತಬ್ಬಿಕೊಂಡು ಕೂತಿರುತ್ತಿದ್ದುದನ್ನು ಸ್ವತಃ ಗುಲಾಮಳಾಗಿದ್ದ ಹ್ಯಾರಿಯೆಟ್ ಜೇಕಬ್ಸ್ 1861ರ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಆದರೆ 1862ರ ಡಿಸೆಂಬರ್ 31ರ ರಾತ್ರಿಯ ಜಾಗರಣೆ ಬೇರೆಯದಾಗಿತ್ತು. ದಂಗೆಯೆದ್ದ ರಾಜ್ಯಗಳ ಗುಲಾಮರು ಬೆಳಗಾದರೆ ಸ್ವತಂತ್ರರೆಂದು ಲಿಂಕನ್ ಮೊದಲೇ ಸಾರಿದ್ದರು. ಸಹಿ ಬೀಳುವುದೋ ಇಲ್ಲವೋ ಎಂದು ಕಪ್ಪು ಜನ ಚರ್ಚುಗಳಲ್ಲಿ ಕಾದರು. ಲಿಂಕನ್ ಹೊಸ ವರ್ಷದ ಔತಣಕ್ಕೆ ಬಂದವರ ಕೈ ಕುಲುಕಿ ಕುಲುಕಿ, ನಡುಗುವ ಕೈಯಲ್ಲಿ ಮಧ್ಯಾಹ್ನದ ಮೇಲೆ ಸಹಿ ಹಾಕಿದರು. ಬಾಸ್ಟನ್‌ನಲ್ಲಿ ಫ್ರೆಡರಿಕ್ ಡಗ್ಲಸ್ ಮತ್ತು ನೆರೆದ ಜನ ತಂತಿ ಸುದ್ದಿಗಾಗಿ ರಾತ್ರಿಯವರೆಗೆ ಕಾಯಬೇಕಾಯಿತು. ಅಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ ವಾಚ್ ನೈಟ್ ಇಂದಿಗೂ ಆ ನೆನಪನ್ನು ಹೊತ್ತಿದೆ.

ನಮ್ಮ ಕನ್ನಡಕ್ಕೆ ಇದೆಲ್ಲ ಹೇಗೆ ಬಂತು? ವೆಸ್ಲಿಯನ್ ಮಿಷನ್ನಿನವರು ಬೆಂಗಳೂರಿಗೆ ಬಂದದ್ದು 1821ರಲ್ಲಿ. ಮುಂದೆ ಗುಬ್ಬಿ, ತುಮಕೂರು, ಮೈಸೂರು ಎಂದು ಕೆಲಸ ಹರಡಿತು. ಮೈಸೂರಿನವರಿಗೆ ಹಾರ್ಡ್ವಿಕ್ ಶಾಲೆ, ಮಿಷನ್ ಆಸ್ಪತ್ರೆ ಎಂದರೆ ಸಾಕು. ಮಂಗಳೂರಿನಲ್ಲಿ 1834ರಿಂದ ಬಾಸೆಲ್ ಮಿಷನ್. ಬೈಬಲ್ ಕನ್ನಡಕ್ಕೆ ಬರುವಾಗ ದೇವರಿಗೂ ಮನುಷ್ಯರಿಗೂ ನಡುವಿನ ಕರಾರಿಗೆ ಯಾವ ಪದ ಇಡುವುದು? ಅಲ್ಲಿ ನಿಂತ ಪದ ‘ಒಡಂಬಡಿಕೆ’. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬುದು ಕ್ರೈಸ್ತರಲ್ಲದವರಿಗೂ ಗೊತ್ತು. ಬಿ.ಎ.ಯಲ್ಲಿ ಹಳಗನ್ನಡ ಓದಿದವಳಾಗಿ ಹೇಳುತ್ತೇನೆ, ಇದು ಪಾದ್ರಿಗಳು ಹೊಸೆದ ಪದವಲ್ಲ. ‘ಒಡಂಬಡು’ ಹಳಗನ್ನಡದಿಂದಲೂ ಇರುವ ಮಾತು. ಅದರಲ್ಲಿನ ‘ಒಡ’ ಎಂದರೆ ಜೊತೆ. ಒಡಹುಟ್ಟು, ಒಡನಾಟ, ಒಡನಾಡಿಗಳಲ್ಲಿ ಇರುವುದೂ ಅದೇ. ಸಂಕಲ್ಪವನ್ನು ಒಬ್ಬರೇ ಕಣ್ಣು ಮುಚ್ಚಿ ಮಾಡಬಹುದು. ಒಡಂಬಡಲು ಇನ್ನೊಬ್ಬರು ಬೇಕು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಾವೆಲ್ಲ ಸಿ.ಎಸ್.ಐ. ಎನ್ನುವ ಸಭೆ ಹುಟ್ಟಿತು. ಚೆನ್ನೈನ ಕೇಳುಗರು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿರುತ್ತೀರಿ. ಮೈಸೂರು ಸೀಮೆಯ ವೆಸ್ಲಿಯನ್ನರು ಅದರಲ್ಲಿ ಸೇರಿದರು. ಅವರ ಜೊತೆ ಒಡಂಬಡಿಕೆಯ ಆರಾಧನೆಯೂ ಆ ಸಭೆಯ ಆರಾಧನಾ ಪುಸ್ತಕಕ್ಕೆ ಬಂತು. ಅಮೆರಿಕದ ಮೆಥೊಡಿಸ್ಟರ ಕಥೆ ಬೇರೆ. 1870ರ ದಶಕದ ಆರಂಭದಲ್ಲಿ ಮುಂಬೈಗೆ ಬಂದ ವಿಲಿಯಂ ಟೇಲರ್ ಅಲ್ಲಿ ಅದಕ್ಕೆ ಬುನಾದಿ ಹಾಕಿದರು. ಆ ಕಡೆಯ ಸಭೆ ಮುಂದೆ ಬೀದರ್, ಕೋಲಾರಗಳಲ್ಲಿ ಬೆಳೆಯಿತು. ಕೆಲಸ ಹುಡುಕಿ ಬೀದರಿನ ಕಡೆಯಿಂದ ಮುಂಬೈಗೆ ಬಂದವರು ತಮ್ಮ ಕನ್ನಡದ ಆರಾಧನೆಯನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಂದರು. ಆ ನಗರದಲ್ಲಿ ಕನ್ನಡ ಮೆಥೊಡಿಸ್ಟ್ ಸಭೆಗಳು ಈಗಲೂ ಇವೆ. ಡಿಸೆಂಬರ್ 31ರ ರಾತ್ರಿ ಬಾಂದ್ರಾದ ಗಲ್ಲಿಗಳಲ್ಲಿ ಹುಡುಗರು ಹಳೆ ಬಟ್ಟೆ ತುಂಬಿದ ‘ಓಲ್ಡ್ ಮ್ಯಾನ್’ ಗೊಂಬೆಯನ್ನು ಸುಡುವ ಹೊತ್ತಿಗೆ ಅಲ್ಲಿ ಕನ್ನಡದಲ್ಲಿ ಕೀರ್ತನೆ ನಡೆದಿರುತ್ತದೆ.

ಒಡಂಬಡಿಕೆಯ ಆರಾಧನೆಯಲ್ಲಿ ಪಾದ್ರಿ ಓದಿ ಮುಗಿಸಿದ ಮೇಲೆ ಒಂದು ಸಣ್ಣ ಮೌನವಿರುತ್ತದೆ. ರೇಡಿಯೋದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತದೆ! ಅಲ್ಲಿ ಮಾತ್ರ ಯಾರೂ ಅವಸರಿಸುವುದಿಲ್ಲ. ಬೆಂಚುಗಳು ಕಿರುಗುಟ್ಟುತ್ತವೆ, ಮೊಣಕಾಲು ನೋವಿನ ಅಜ್ಜಿಗೆ ಪಕ್ಕದವರು ಕೈ ಕೊಡುತ್ತಾರೆ, ಎಲ್ಲರೂ ಏಳುತ್ತಾರೆ.